ಬೆಂಗಳೂರಲ್ಲಿ ಫ್ಲ್ಯಾಟ್: ಎತ್ತರದ ಟವರ್ರೋ, ಒಳರಸ್ತೆಯ ಚಿಕ್ಕ ಕಟ್ಟಡವೋ?

ಎರಡೂ ನಿಮ್ಮ ಬಜೆಟ್‌ಗೆ ಬರುತ್ತವೆ ಅಂದುಕೊಳ್ಳೋಣ. ಹಾಗಾದರೆ ಮೊದಲು ರಸ್ತೆ ಅಗಲ ನೋಡಿ. ಎಲ್ಲ ಮಹಡಿ ಸೇರಿ ಸೈಟಿನ ಎಷ್ಟು ಪಟ್ಟು ಕಟ್ಟಬಹುದು ಅನ್ನೋ ಎಫ್‌ಎಆರ್ ನಿಂತಿರುವುದು ಅದರ ಮೇಲೆ, ಜೊತೆಗೆ ಸೈಟಿನ ಅಳತೆ ಮೇಲೆ. 30x40 ಸೈಟಿಗೆ ಎಫ್‌ಎಆರ್ 1.75 ಅಂದುಕೊಳ್ಳಿ, ಒಟ್ಟು 2100 ಚದರಡಿ ಆಯ್ತು. ಅಲ್ಲಿ ಐದು ಮಹಡಿ ಎದ್ದು, ಪಕ್ಕದ ಮನೆ ಕಿಟಕಿ ಕೈಗೆ ಸಿಗುವಂತಿದ್ದರೆ ಲೆಕ್ಕ ನೀವೇ ಹಾಕಿ.

ಟವರ್‌ನಲ್ಲಿ ನಿಯಮ ಮೀರುವ ಈ ಆಟ ಸ್ವಲ್ಪ ಕಷ್ಟ. ರಾಷ್ಟ್ರೀಯ ಕಟ್ಟಡ ಸಂಹಿತೆ ಪ್ರಕಾರ 15 ಮೀಟರ್ ಮುಟ್ಟಿದರೆ ಅದು ಎತ್ತರದ ಕಟ್ಟಡ. ಎತ್ತರ ಏರಿದಂತೆ ಸುತ್ತ ಬಿಡುವ ಜಾಗವೂ ಏರುತ್ತದೆ, ಅಗ್ನಿಶಾಮಕದವರ ಒಪ್ಪಿಗೆಯೂ ಬೇಕಾಗುತ್ತದೆ. ಆದರೆ ಲಿಫ್ಟು, ಪಂಪು, ಜನರೇಟರ್ ಅಂತ ತಿಂಗಳ ಮೇಂಟೆನೆನ್ಸ್ ಜಾಸ್ತಿ.

ಕಟ್ಟಡ ನಿಂತ ಜಾಗದಲ್ಲಿ ನಿಮ್ಮ ಫ್ಲ್ಯಾಟಿಗೆ ಬರುವ ಪಾಲು ಸಾಮಾನ್ಯವಾಗಿ ಚಿಕ್ಕದರಲ್ಲೇ ಹೆಚ್ಚು, ಮುಂದೆ ಕೆಡವಿ ಕಟ್ಟುವಾಗ ಅದೇ ಆಸ್ತಿ. ಆದರೆ ಎಂಟೇ ಮನೆ ಇದ್ದರೆ ರೇರಾ (ಬಿಲ್ಡರ್‌ಗಳ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರ) ನೋಂದಣಿ ಕಡ್ಡಾಯವಲ್ಲ, ಕಾಗದ ನೀವೇ ಲಾಯರಿಗೆ ತೋರಿಸಬೇಕು.

ಖರ್ಚು ಕಡಿಮೆ ಇರಲಿ, ಓಡಾಡಿ ವಿಚಾರಿಸ್ತೀನಿ ಅನ್ನೋರಿಗೆ ಚಿಕ್ಕದು. ಸಾಲ ಬೇಗ ಆಗಬೇಕು, ಗಾಳಿ ಬೆಳಕು ಬೇಕು ಅಂದರೆ ಟವರ್. ಎರಡರಲ್ಲೂ ಓಸಿ, ಅಂದರೆ ಕಟ್ಟಡ ವಾಸಕ್ಕೆ ಸಿದ್ಧ ಅನ್ನೋ ಪ್ರಮಾಣಪತ್ರ, ಕೇಳಿ. "ಆಮೇಲೆ ಬರುತ್ತೆ ಸಾರ್" ಅಂದರೆ ಅಡ್ವಾನ್ಸ್ ಕೊಡಬೇಡಿ.