ಮೊದಲ ಪ್ರಶ್ನೆ ವಿದ್ಯಾರ್ಥಿಯದ್ದೇ: ಶಿವಮೊಗ್ಗದ ಅನ್ವಯಿಕ ಗಣಿತ ಸಮ್ಮೇಳನ ಹೇಗಿತ್ತು?

ಉದ್ಘಾಟನೆ 20 ನಿಮಿಷಕ್ಕೆ ಮುಗಿಯಿತು. ಹಾರವಿಲ್ಲ, ಶಾಲಿಲ್ಲ, ಹಣ್ಣಿನ ಬುಟ್ಟಿಯೂ ಇಲ್ಲ. ಗಣಿತ ವಿಭಾಗಗಳ ಸಮ್ಮೇಳನಗಳಲ್ಲಿ ಮಧ್ಯಾಹ್ನದವರೆಗೆ ವೇದಿಕೆಯ ಗಣ್ಯರನ್ನೇ ನೋಡಿ ರೂಢಿಯಾದವರಿಗೆ ಇದೇ ಅರ್ಧ ಸಮಾಧಾನ. ಸಂಶೋಧನಾ ವಿದ್ಯಾರ್ಥಿಗಳೇ ಮುಂದೆ ನಿಂತು ಮಳೆಗಾಲದ ನಡುವೆ ನಡೆಸಿದ ಎರಡು ದಿನದ ಈ ಸಮ್ಮೇಳನದಲ್ಲಿ ಬೇರೆಯವರು ಹಾಗೇ ಎತ್ತಿಕೊಂಡು ಹೋಗಬಹುದಾದ ಒಂದು ನಿಯಮವಿತ್ತು. ಕೈತಪ್ಪಿದ ಸಂಗತಿಗಳೂ ಕೆಲವಿದ್ದವು.

ಆ ನಿಯಮ ಇಷ್ಟೇ: ಪ್ರತಿ ಮಂಡನೆಗೆ 20 ನಿಮಿಷ. ಅದರಲ್ಲಿ ಮಾತಿಗೆ 14, ಪ್ರಶ್ನೆಗೆ 5, ಲ್ಯಾಪ್‌ಟಾಪ್ ಬದಲಿಸಲು 1. ಮೊದಲ ಎರಡು ಪ್ರಶ್ನೆ ವಿದ್ಯಾರ್ಥಿಗಳದ್ದೇ ಆಗಬೇಕು; ಅಧ್ಯಾಪಕರು ಆಮೇಲೆ. ಎದ್ದು ಕೇಳಲು ಹಿಂಜರಿಯುವವರು ಚೀಟಿಯಲ್ಲಿ ಬರೆದುಕೊಟ್ಟರೆ ಗೋಷ್ಠಿ ನಡೆಸುವವರು ಓದುತ್ತಾರೆ, ಕನ್ನಡದಲ್ಲಿ ಬರೆದರೂ ಸರಿ. ಮೇಷ್ಟ್ರು ಮೊದಲು ಮಾತಾಡಿದರೆ ಅದು ಪ್ರಶ್ನೆಯಾಗಿ ಶುರುವಾಗಿ ಪಾಠವಾಗಿ ಮುಗಿಯುತ್ತದೆ, ಐದು ನಿಮಿಷವೂ ಅಲ್ಲಿಗೆ ಖರ್ಚು. ಇಲ್ಲಿ ಹಾಗಾಗಲಿಲ್ಲ. ಪರಿಣಾಮ ಮೊದಲ ದಿನದ ದ್ರವಚಲನೆಯ ಗೋಷ್ಠಿಯಲ್ಲೇ ಕಂಡಿತು.

ಕರ್ನಾಟಕದಲ್ಲಿ ಅನ್ವಯಿಕ ಗಣಿತ ಎಂದರೆ ಬಹುಪಾಲು ದ್ರವಚಲನೆಯೇ. ಹಿಗ್ಗುವ ಹಾಳೆಯ ಮೇಲಿನ ಹರಿವು, ಅತಿಸೂಕ್ಷ್ಮ ಕಣ ಬೆರೆತ ನ್ಯಾನೋದ್ರವ, ಕಾಂತಕ್ಷೇತ್ರ. ಹಲವು ಚರಗಳ ಆಂಶಿಕ ಅವಕಲ ಸಮೀಕರಣವನ್ನು ಸಾಮ್ಯ ರೂಪಾಂತರದಿಂದ ಒಂದೇ ಚರದ ಸಾಮಾನ್ಯ ಅವಕಲ ಸಮೀಕರಣಕ್ಕೆ ಇಳಿಸಿ, ಶೂಟಿಂಗ್ ಮತ್ತು ರುಂಗೆ-ಕುಟ್ಟ ಎಂಬ ಸಂಖ್ಯಾತ್ಮಕ ವಿಧಾನಗಳಿಂದ ಬಿಡಿಸುವುದು. ಸ್ಲೈಡುಗಳು ಒಂದರಂತೆ ಇನ್ನೊಂದು. ಆದರೆ ಚೀಟಿಯಲ್ಲಿ ಬಂದ ಒಂದು ಪ್ರಶ್ನೆ ಗೋಷ್ಠಿಯ ದಿಕ್ಕನ್ನೇ ಬದಲಿಸಿತು: ‘ಅನಂತವನ್ನು ಎಲ್ಲಿ ಕತ್ತರಿಸಿದಿರಿ?’

ಹಾಳೆಯಿಂದ ಅನಂತ ದೂರದಲ್ಲಿ ಹರಿವು ಹೇಗಿರಬೇಕೆಂಬ ಗಡಿಷರತ್ತನ್ನು ಕಂಪ್ಯೂಟರಿನಲ್ಲಿ 5 ಅಥವಾ 10ರಂಥ ಬಿಂದುವಿಗೆ ತಂದು ಹಾಕಬೇಕಾಗುತ್ತದೆ. ತೀರಾ ಹತ್ತಿರ ಕತ್ತರಿಸಿದರೆ ರೇಖೆ ಅಕ್ಷಕ್ಕೆ ಮೆಲ್ಲಗೆ ಒರಗುವ ಬದಲು ಓರೆಯಾಗಿ ಬಂದು ಚುಚ್ಚುತ್ತದೆ. ಗ್ರಾಫ್ ನೋಡಿದೊಡನೆ ಗೊತ್ತಾಗುವ ತಪ್ಪು ಇದು. ವೇಗದ ರೇಖೆ ಸರಿಯಿದ್ದರೂ ಪ್ರಾಂಟ್ಲ್ ಸಂಖ್ಯೆ (ದ್ರವದ ಸ್ನಿಗ್ಧತೆಗೂ ಶಾಖ ಹರಡುವಿಕೆಗೂ ಇರುವ ಅನುಪಾತ) ಚಿಕ್ಕದಿದ್ದಾಗ ತಾಪದ ಪದರ ದಪ್ಪವಾಗುವುದರಿಂದ ವೇಗಕ್ಕೆ ಸಾಕಾದ 5 ತಾಪಕ್ಕೆ ಸಾಲುವುದಿಲ್ಲ. ಪರೀಕ್ಷೆ ಸುಲಭ: ಕತ್ತರಿಸುವ ಬಿಂದುವನ್ನು ಇಮ್ಮಡಿ ಮಾಡಿ, ಗೋಡೆಯ, ಅಂದರೆ ಹಾಳೆಯ, ಬಳಿ ರೇಖೆಯ ಇಳಿಜಾರು ನಾಲ್ಕನೇ ದಶಮಾಂಶದವರೆಗೆ ಅಲುಗದಿದ್ದರೆ ನಂಬಬಹುದು. ಎಲ್ಲ ಹೆಚ್ಚುವರಿ ಪರಿಣಾಮಗಳನ್ನು ಸೊನ್ನೆ ಮಾಡಿದಾಗ ಹಿಗ್ಗುವ ಹಾಳೆಯ ಹರಿವಿಗೆ 1970ರಲ್ಲಿ ಕ್ರೇನ್ ಕೊಟ್ಟ ನಿಖರ ಪರಿಹಾರ ಮರಳಿ ಬರಬೇಕು, ಗೋಡೆಯ ಬಳಿ ಹರಿವಿನ ಫಲನದ ಎರಡನೇ ಅವಕಲಜ ಸರಿಯಾಗಿ −1 ಆಗಬೇಕು. ಮ್ಯಾಟ್‌ಲ್ಯಾಬ್ ತಂತ್ರಾಂಶದಲ್ಲಿ ಇಂಥ ಸಮೀಕರಣ ಬಿಡಿಸುವ ಬಿವಿಪಿ4ಸಿ ಬಳಸುವವರು ಅದರ ಸಾಪೇಕ್ಷ ಸಹನೆ (ಒಪ್ಪಿಕೊಳ್ಳುವ ದೋಷದ ಮಿತಿ) ತಾನಾಗಿ 0.001 ಇರುತ್ತದೆಂಬುದನ್ನೂ ನೆನಪಿಡಬೇಕು. ಅದನ್ನು ಬದಲಿಸದೆ ಕೋಷ್ಟಕದಲ್ಲಿ ಎಂಟು ದಶಮಾಂಶ ಅಚ್ಚುಮಾಡಿದರೆ ಕೊನೆಯ ನಾಲ್ಕೈದು ಅಂಕಿ ಬರೀ ಅಲಂಕಾರ. ಈ ಮಾತನ್ನೆಲ್ಲ ಆಡಿದವರು ವಿದ್ಯಾರ್ಥಿಗಳೇ.

ಮಂಗನ ಕಾಯಿಲೆಯ ಗಣಿತಕ್ಕೆ ಮೀಸಲಿಟ್ಟ ಗೋಷ್ಠಿ ಈ ಮಣ್ಣಿಗೆ ತಕ್ಕ ಆಯ್ಕೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ರೋಗ. ಕಾಡಿನ ಹೆಸರೇ ಅದಕ್ಕೆ ಅಂಟಿಕೊಂಡಿದೆ. ಆದರೆ ಅಲ್ಲಿನ ಒಂದು ಮಂಡನೆ ಜನರನ್ನು ಸೋಂಕು ತಗಲಬಹುದಾದವರು, ಸೋಂಕಿತರು, ಗುಣವಾದವರು ಎಂದು ವಿಂಗಡಿಸುವ ಪಠ್ಯದ ಎಸ್‌ಐಆರ್ ಮಾದರಿಯನ್ನು ಹಾಗೆಯೇ ಎತ್ತಿ ತಂದಿತ್ತು. ಸೋಂಕಿನ ಮನುಷ್ಯನಿಂದ ಇನ್ನೊಬ್ಬ ಮನುಷ್ಯನಿಗೆ ಎಂಬ ಪದ ಸಮೀಕರಣದಲ್ಲಿ ಕುಳಿತಿತ್ತು. ಈ ರೋಗ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ, ಉಣುಗು ಕಚ್ಚಿ ಬರುತ್ತದೆ. ಹಾಗಾಗಿ ಮೂಲ ಪ್ರಸರಣ ಸಂಖ್ಯೆ (ಒಂದು ಸೋಂಕು ಎಷ್ಟು ಹೊಸ ಸೋಂಕಿಗೆ ಕಾರಣವಾಗುತ್ತದೆಂಬ ಲೆಕ್ಕ) ಹುಟ್ಟಬೇಕಾದದ್ದು ಉಣುಗು ಮತ್ತು ಕಾಡುಪ್ರಾಣಿಗಳ ಸುತ್ತಿನಲ್ಲಿ. ಮನುಷ್ಯನ ಸಮೀಕರಣ ಆ ಸುತ್ತಿಗೆ ಏನನ್ನೂ ವಾಪಸು ಕೊಡಬಾರದು. ಡಿಸೆಂಬರಿನಿಂದ ಮೇವರೆಗಿನ ಹಂಗಾಮನ್ನೂ ಲೆಕ್ಕಕ್ಕೆ ತರಬೇಕು, ಪ್ರಸರಣ ದರವನ್ನು ವರ್ಷವಿಡೀ ಸ್ಥಿರವೆಂದರೆ ಆಗದು. ತರಗೆಲೆ ಗುಡಿಸಿ ತರುವವರಿಗೆ ಗೊತ್ತಿರುವ ವಿಷಯ ಇದು. ದುರದೃಷ್ಟಕ್ಕೆ, ಸಮಾನಾಂತರ ಗೋಷ್ಠಿಯ ವೇಳಾಪಟ್ಟಿಯಲ್ಲಿ ಈ ಗೋಷ್ಠಿಯನ್ನು ಸಂಖ್ಯಾತ್ಮಕ ವಿಧಾನಗಳ ಗೋಷ್ಠಿಗೆ ಎದುರಾಗಿ ಇಟ್ಟಿದ್ದರು. ಒಬ್ಬರಿಗೊಬ್ಬರು ಬೇಕಾಗಿದ್ದವರು ಬೇರೆ ಬೇರೆ ಕೋಣೆಯಲ್ಲಿ ಕೂತರು.

ಪೋಸ್ಟರ್ ವಿಭಾಗಕ್ಕೆ ಮಲೆನಾಡಿನ ಮಳೆಯೇ ವೈರಿ. ಎ0 ಅಳತೆಯ, ಅಂದರೆ 841 × 1189 ಮಿಲಿಮೀಟರಿನ ಕಾಗದವನ್ನು ಥಂಡಿ ಹಿಡಿದ ಗೋಡೆಗೆ ಎರಡು ಬದಿಯ ಟೇಪಿನಲ್ಲಿ ಅಂಟಿಸಿದರೆ ಊಟ ಮುಗಿಸಿ ಬರುವಷ್ಟರಲ್ಲಿ ನೆಲದಲ್ಲಿರುತ್ತದೆ. ಇದ್ದದ್ದೂ ಅಂಚು ಸುರುಳಿಯಾಗಿ ಸಮೀಕರಣ ಮುಚ್ಚಿಹೋಗಿರುತ್ತದೆ. ಫ್ಲೆಕ್ಸ್ ಸುರುಳಿಯಾಗದು, ಆದರೆ ಹೊಳಪಿನದಾದರೆ ಟ್ಯೂಬ್‌ಲೈಟಿನ ಬೆಳಕು ಮುಖಕ್ಕೆ ಹೊಡೆಯುತ್ತದೆ. ಹೊಳಪಿಲ್ಲದ ಫ್ಲೆಕ್ಸ್, ಮೇಲೆ ಕೆಳಗೆ ಒಂದೊಂದು ಅಡಿಕೆ ದಬ್ಬೆ, ಗೋಡೆಯಿಂದ ದೂರಕ್ಕೆ ಕಟ್ಟಿದ ಹಗ್ಗ. ಈ ಊರಿನಲ್ಲಿ ಇಷ್ಟಕ್ಕೆ ಬರಗಾಲವೇನಿಲ್ಲ.

ಕನ್ನಡದಲ್ಲೂ ಸಾರಾಂಶ ಸ್ವೀಕರಿಸಿದ್ದು ಮೆಚ್ಚಬೇಕಾದ ಕೆಲಸ, ಅಚ್ಚಾದ ರೂಪ ಮಾತ್ರ ಕಣ್ಣಿಗೆ ಕಷ್ಟ. ಕೆಲವರು ಹಳೆಯ ‘ನುಡಿ’ ತಂತ್ರಾಂಶದ ಅಕ್ಷರದಲ್ಲಿ ಕಳಿಸಿದ್ದು ಲ್ಯಾಟಿನ್ ಕಲಸುಮೇಲೋಗರವಾಗಿತ್ತು. ಯೂನಿಕೋಡಿನಲ್ಲಿ ಬಂದದ್ದಕ್ಕೂ ಒತ್ತಕ್ಷರ ಪಕ್ಕಕ್ಕೆ ಸರಿದಿತ್ತು. ಬರಹವೆಲ್ಲ ಯೂನಿಕೋಡಿನಲ್ಲೇ ಬೇಕೆಂದು ಮೊದಲೇ ಹೇಳಿ, ಗಣಿತದ ಬರಹವನ್ನು ಅಚ್ಚಿಗೆ ಜೋಡಿಸುವ ಲೇಟೆಕ್ ಕಡತವನ್ನು ಪಿಡಿಎಫ್‌ಲೇಟೆಕ್ ಬದಲು ಝೀಲೇಟೆಕ್‌ನಲ್ಲಿ ಓಡಿಸಿ, ಅಕ್ಷರ ಆರಿಸುವ ಫಾಂಟ್‌ಸ್ಪೆಕ್ ಪ್ಯಾಕೇಜಿನಲ್ಲಿ ಲಿಪಿ ಕನ್ನಡವೆಂದು ನಮೂದಿಸಿದರೆ ಒತ್ತಕ್ಷರ ತನ್ನ ಜಾಗಕ್ಕೆ ಬರುತ್ತದೆ.

ಕರೆಂಟು ಹೋದಾಗ ಪ್ರೊಜೆಕ್ಟರು ಯುಪಿಎಸ್ ಮೇಲಿತ್ತು, ಮೈಕ್ ಇರಲಿಲ್ಲ. ತಗಡಿನ ಮಾಡಿನ ಮೇಲೆ ಮಳೆ ಬೀಳುವಾಗ ಮೈಕೇ ಮುಖ್ಯ. ಪಿಡಿಎಫ್ ಒಳಗೆ ಕೂರಿಸಿದ ವಿಡಿಯೊಗಳು ಅಲ್ಲಿನ ಕಂಪ್ಯೂಟರಿನಲ್ಲಿ ಓಡಲಿಲ್ಲ. ಅಂಥವು ಅಡೋಬಿ ರೀಡರ್‌ನಂಥ ಕೆಲವೇ ತಂತ್ರಾಂಶಗಳಲ್ಲಷ್ಟೇ ಓಡುವುದು. ವಿಡಿಯೊವನ್ನು ಎಂಪಿ4 ಆಗಿ ಬೇರೆಯೇ ಒಯ್ಯಿರಿ.

ಊಟದ ಬಗ್ಗೆ ದೂರಿಲ್ಲ. ಬೆಳಿಗ್ಗೆ ಕೊಟ್ಟೆ ಕಡುಬು ಕೊಟ್ಟವರಿಗೆ ಯಾವ ಮಂಡನೆಗಿಂತ ಹೆಚ್ಚು ಚಪ್ಪಾಳೆ ಸಲ್ಲಬೇಕಿತ್ತು.

ಕರಾವಳಿಯಿಂದ ಆಗುಂಬೆ ಘಾಟಿ ಹತ್ತಿ ಬರುವವರಿಗೆ ಬೆಳಗಿನ ಮೊದಲ ಮಂಡನೆ ಕೊಟ್ಟದ್ದು ವೇಳಾಪಟ್ಟಿಯ ಇನ್ನೊಂದು ತಪ್ಪು. ಮಳೆಗಾಲದಲ್ಲಿ ಆ ದಾರಿಯ ಸಮಯ ಯಾರ ಕೈಯಲ್ಲೂ ಇಲ್ಲ. ಬೆಂಗಳೂರಿನವರು ಹಿಂದಿನ ರಾತ್ರಿ ರೈಲು ಹತ್ತಿ ಶಿವಮೊಗ್ಗ ಟೌನಿನಲ್ಲಿ ಇಳಿದರೆ ಸಾಕು. ಪ್ರಮಾಣಪತ್ರ ಕೊನೆಯ ಗೋಷ್ಠಿ ಮುಗಿದ ಮೇಲಷ್ಟೇ ಕೊಡುತ್ತಾರೆ. ವಾಪಸು ಟಿಕೆಟನ್ನು ಅದಕ್ಕೆ ಹೊಂದಿಸಿ ಮಾಡಿಸಿಕೊಳ್ಳಿ.