ವೈಟ್‌ಫ್ರಯರ್ ಸ್ಟ್ರೀಟ್ ಚರ್ಚ್, ಡಬ್ಲಿನ್: ಸಂತ ವ್ಯಾಲೆಂಟೈನರ ಪೆಟ್ಟಿಗೆ ನೋಡಹೊರಟವರಿಗೆ

ಅಂಕ: ಐದಕ್ಕೆ ನಾಲ್ಕು. ಒಂದು ಅಂಕ ಕಡಿತ ಯಾಕೆಂಬುದು ಮುಂದಿದೆ.

ಸೇಂಟ್ ಸ್ಟೀವನ್ಸ್ ಗ್ರೀನ್ ಉದ್ಯಾನದಿಂದ ನಡೆದರೆ ಸುಮಾರು ಹತ್ತು ನಿಮಿಷ. ಏಂಜರ್ ಸ್ಟ್ರೀಟಿನ ಕಡೆಯಿಂದ ಇದು ಚರ್ಚೆಂದೇ ಗೊತ್ತಾಗುವುದಿಲ್ಲ, ದಾಟಿ ಮುಂದೆ ಹೋಗಿಬಿಡುವವರೇ ಹೆಚ್ಚು. ಪ್ರವೇಶಕ್ಕೆ ದುಡ್ಡಿಲ್ಲ. ಅರ್ಧ ಗಂಟೆ ಸಾಕು.

ಮೂಳೆ, ತಲೆಬುರುಡೆ ಕಾಣುತ್ತದೆಂದು ಹೋದರೆ ನಿರಾಸೆ ಖಂಡಿತ. ಕೈಯಲ್ಲಿ ಹೂ ಹಿಡಿದ ಸಂತರ ಪ್ರತಿಮೆ, ಅದರ ಕೆಳಗೆ ಸಂತರ ಅವಶೇಷವೆನ್ನುವುದನ್ನು ಇಟ್ಟು ಮುದ್ರೆಯೊತ್ತಿದ ಪೆಟ್ಟಿಗೆ, ಅಷ್ಟೆ. ಬುರುಡೆಯೇ ಬೇಕೆಂದರೆ ರೋಮಿನ ಸಾಂತಾ ಮರಿಯಾ ಇನ್ ಕೋಸ್ಮೆದಿನ್ ಚರ್ಚಿಗೆ ಹೋಗಿ. ಅಲ್ಲಿ ಹೂಮುಡಿದ ಬುರುಡೆಯೊಂದನ್ನು ವ್ಯಾಲೆಂಟೈನರದೆಂದು ಗಾಜಿನೊಳಗೆ ಇಟ್ಟಿದ್ದಾರೆ. ಡಬ್ಲಿನ್ನಿನ ಪೆಟ್ಟಿಗೆ ಪೋಪ್ ಹದಿನಾರನೇ ಗ್ರೆಗರಿ ಕೊಟ್ಟದ್ದು. 1835ರಲ್ಲಿ ರೋಮಿನಲ್ಲಿ ಪ್ರವಚನ ಮಾಡಿ ಹೆಸರಾದ ಕಾರ್ಮೆಲೈಟ್ ಎಂಬ ಕ್ಯಾಥೊಲಿಕ್ ಸನ್ಯಾಸಿ ಸಂಘದ ಪಾದ್ರಿ ಜಾನ್ ಸ್ಪ್ರಾಟ್ ಅವರಿಗೆ ಸಿಕ್ಕ ಈ ಉಡುಗೊರೆ 1836ರ ನವೆಂಬರ್ 10ರಂದು ಇಲ್ಲಿಗೆ ಬಂತು. ಸ್ಪ್ರಾಟ್ ತೀರಿಕೊಂಡ ಮೇಲೆ ಮೂಲೆ ಸೇರಿತ್ತು. ಇಪ್ಪತ್ತನೇ ಶತಮಾನದಲ್ಲಿ ಚರ್ಚನ್ನು ನವೀಕರಿಸುವಾಗ ಮತ್ತೆ ಹೊರಬಂತು.

ತೊಡಕಿರುವುದು ಇಲ್ಲೇ. ಹಳೆಯ ಕತೆಗಳಲ್ಲಿ ವ್ಯಾಲೆಂಟೈನರು ಇಬ್ಬರು: ಒಬ್ಬರು ರೋಮಿನ ಪಾದ್ರಿ, ಇನ್ನೊಬ್ಬರು ಇಟಲಿಯ ತೆರ್ನಿ ಊರಿನ ಬಿಷಪ್. ಇಬ್ಬರ ಸಮಾಧಿಯೂ ರೋಮಿನಿಂದ ಹೊರಡುವ ಫ್ಲಾಮಿನಿಯಾ ರಸ್ತೆಯಲ್ಲಿ ಎನ್ನುತ್ತಾರೆ. ಡಬ್ಲಿನ್ನಿಗೆ ಬಂದ ಅವಶೇಷ ಮಾತ್ರ ರೋಮಿನದೇ ಇನ್ನೊಂದು ರಸ್ತೆಯಾದ ತಿಬುರ್ತಿನಾದ ಸ್ಮಶಾನದ್ದು! ಚಕ್ರವರ್ತಿ ಎರಡನೇ ಕ್ಲಾಡಿಯಸ್ ಸೈನಿಕರಿಗೆ ಮದುವೆ ನಿಷೇಧಿಸಿದ, ಸಂತರು ಗುಟ್ಟಾಗಿ ಮದುವೆ ಮಾಡಿಸಿದರು ಎಂಬ ಜನಪ್ರಿಯ ಕತೆ ಹಳೆಯ ಸಂತಚರಿತ್ರೆಗಳಲ್ಲಿ ಇಲ್ಲ. ಅಲ್ಲಿರುವುದು ಅಸ್ತೇರಿಯಸ್ ಎಂಬಾತನ ಕುರುಡು ಮಗಳಿಗೆ ದೃಷ್ಟಿ ಬಂದ ಪವಾಡ. ಸಂತರು ಆಕೆಗೆ ‘ನಿನ್ನ ವ್ಯಾಲೆಂಟೈನ್’ ಎಂದು ಪತ್ರ ಬರೆದರೆಂಬುದು ಎಷ್ಟೋ ಕಾಲದ ನಂತರದ ಸೇರ್ಪಡೆ. ಸಂತರ ಹಬ್ಬವಾದ ಫೆಬ್ರವರಿ 14ಕ್ಕೆ ಪ್ರಣಯದ ನಂಟು ಕಾಣಿಸುವುದು ಹದಿನಾಲ್ಕನೇ ಶತಮಾನದ ಇಂಗ್ಲಿಷ್ ಕವಿ ಚಾಸರ್‌ನಲ್ಲಿ, ಹಕ್ಕಿಗಳು ಜೋಡಿ ಹುಡುಕುವ ದಿನವಾಗಿ. 1969ರಲ್ಲಿ ವ್ಯಾಟಿಕನ್ ಈ ಹಬ್ಬವನ್ನು ಸಾರ್ವತ್ರಿಕ ಪಂಚಾಂಗದಿಂದ ತೆಗೆಯಿತು, ಹುತಾತ್ಮರ ಪಟ್ಟಿಯಿಂದ ತೆಗೆಯಲಿಲ್ಲ. ಇಷ್ಟು ತಿಳಿದು ಹೋದರೆ ಪೆಟ್ಟಿಗೆಯ ಮುಂದೆ ಗೊಂದಲವಾಗದು.

ಫೆಬ್ರವರಿ 14ರಂದು ಪೆಟ್ಟಿಗೆಯನ್ನು ಮುಖ್ಯ ಬಲಿಪೀಠದ ಮುಂದೆ ಇಡುತ್ತಾರೆ, ಮದುವೆ ನಿಶ್ಚಯವಾದವರ ಉಂಗುರಗಳಿಗೆ ಆಶೀರ್ವಾದ ಕೊಡುತ್ತಾರೆ. ಉಂಗುರ ಮರೆಯಬೇಡಿ. ಅಲ್ಲೇ ಮದುವೆ ಮಾಡಿಸುತ್ತಾರೆಂದು ಭಾವಿಸಲೂ ಬೇಡಿ. ಆ ದಿನದ ಜನಜಂಗುಳಿಯಲ್ಲಿ ನಿಂತು ನೋಡಲು ಪುರುಸೊತ್ತು ಸಿಗದು (ಆ ಒಂದು ಅಂಕ ಹೋದದ್ದು ಇದಕ್ಕೇ). ಬೇರೆ ದಿನ, ಪೂಜೆಯಿಲ್ಲದ ಹೊತ್ತಿಗೆ ಹೋದರೆ ಪ್ರತಿಮೆಯ ಬಳಿಯ ಪುಸ್ತಕದಲ್ಲಿ ಸಮಾಧಾನವಾಗಿ ಬೇಡಿಕೆ ಬರೆಯಬಹುದು. ಪುಟ ತಿರುವಿ ಇತರರದ್ದನ್ನು ಓದುವ ಆಸೆ ಬಂದೇ ಬರುತ್ತದೆ, ತಡೆದುಕೊಳ್ಳಿ.

ಇದೇ ಚರ್ಚಿನಲ್ಲಿ ಓಕ್ ಮರದ ‘ಡಬ್ಲಿನ್ ಮಾತೆ’ಯ (ಯೇಸುವಿನ ತಾಯಿ ಮೇರಿಯ) ಹಳೆಯ ಪ್ರತಿಮೆಯೂ ಇದೆ. ವ್ಯಾಲೆಂಟೈನರಿಗಾಗಿ ಬಂದವರು ಅದನ್ನು ನೋಡದೆ ಹೊರಟುಬಿಡುತ್ತಾರೆ.