ಎಂಟು ಸಾಕೆಟ್‌ಗಳ ಪೆಟ್ಟಿಗೆ: ಗುಂಯ್‌ಗುಟ್ಟುವ ಸದ್ದು ಹೋಯಿತು, ‘ಶುದ್ಧ ವಿದ್ಯುತ್’ ಮಾತ್ರ ಕೇಳಿಸಲಿಲ್ಲ

ಹೈಫೈ ಉಪಕರಣಗಳನ್ನು ಒಂದೊಂದಾಗಿ ಕೊಂಡು ಜೋಡಿಸುತ್ತ ಹೋದವರಿಗೆ ಗೋಡೆಯ ಸಾಕೆಟ್‌ಗಳು ಸಾಲದೆ ಹೋಗುವ ದಿನ ಬಂದೇ ಬರುತ್ತದೆ. ನನ್ನ ಕೋಣೆಯಲ್ಲಿ ಈಗ ಟರ್ನ್‌ಟೇಬಲ್, ಫೋನೊ ಸ್ಟೇಜ್ (ಟರ್ನ್‌ಟೇಬಲ್‌ನ ಕ್ಷೀಣ ಸಂಕೇತವನ್ನು ಹಿಗ್ಗಿಸುವುದು), ಸಿಡಿ ಪ್ಲೇಯರ್, ಸ್ಟ್ರೀಮರ್ (ನೆಟ್‌ವರ್ಕ್‌ನಿಂದ ಹಾಡು ತರುವುದು), ಡ್ಯಾಕ್ (ಡಿಜಿಟಲ್ ಸಂಕೇತವನ್ನು ಅನಲಾಗ್ ಮಾಡುವುದು), ಪ್ರೀಆಂಪ್ (ಮೂಲವನ್ನು ಆರಿಸಿ ದನಿಯ ಮಟ್ಟ ಹೊಂದಿಸುವುದು) ಮತ್ತು ಪವರ್ ಆಂಪ್ (ಸಂಕೇತವನ್ನು ಹಿಗ್ಗಿಸಿ ಸ್ಪೀಕರ್ ನಡೆಸುವುದು) ಎಂದು ಒಟ್ಟು ಏಳು ಪ್ಲಗ್‌ಗಳಿವೆ. ಪವರ್ ಆಂಪ್ ಒಂದು ಗೋಡೆಯ ಸಾಕೆಟ್‌ನಿಂದಲೂ, ಉಳಿದ ಆರು ಉಪಕರಣಗಳು ಎದುರು ಗೋಡೆಯಿಂದ ಎಳೆದುತಂದು ಒಂದಕ್ಕೊಂದು ಸಿಕ್ಕಿಸಿದ ಎರಡು ಎಕ್ಸ್‌ಟೆನ್ಷನ್ ಬೋರ್ಡ್‌ಗಳಿಂದಲೂ ವಿದ್ಯುತ್ ಪಡೆಯುತ್ತಿದ್ದವು. ಹಗಲಿನ ಗದ್ದಲದಲ್ಲಿ ಏನೂ ತಿಳಿಯುತ್ತಿರಲಿಲ್ಲ. ರಾತ್ರಿಯ ಹೊತ್ತು ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವಿನ ಮೌನದಲ್ಲಿ ಮಾತ್ರ ಎರಡೂ ಸ್ಪೀಕರ್‌ಗಳಿಂದ ಗುಂಯ್ ಎನ್ನುವ ಸದ್ದು ಹೊರಡುತ್ತಿತ್ತು. ಅದನ್ನು ಹೋಗಲಾಡಿಸುವ ಆಸೆಯಿಂದ ಎಂಟು ಸಾಕೆಟ್‌ಗಳ ವಿದ್ಯುತ್ ಹಂಚಿಕೆ ಪೆಟ್ಟಿಗೆಯೊಂದನ್ನು ಕೊಂಡು ಎಂಟು ತಿಂಗಳು ಬಳಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ತಯಾರಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ; ಇಂಥ ಪೆಟ್ಟಿಗೆಗಳನ್ನು ಕೊಳ್ಳುವಾಗ ಮೇಲಿನ ಹೆಸರಿಗಿಂತ ಒಳಗಿರುವ ತಂತಿಯನ್ನು ನೋಡುವುದೇ ಮೇಲು ಎಂಬುದು ನನ್ನ ಅನುಭವ.

ಇಷ್ಟೊಂದು ಉಪಕರಣಗಳನ್ನು ಒಂದೇ ಗೋಡೆಯ ಸಾಕೆಟ್‌ಗೆ ಹೊರಿಸಬಹುದೇ ಎಂಬ ಅಳುಕು ನನಗೂ ಇತ್ತು. ಲೆಕ್ಕ ಹಾಕಿದಾಗ ಅದು ಕರಗಿತು. ಫೋನೊ ಸ್ಟೇಜ್ ಮತ್ತು ಟರ್ನ್‌ಟೇಬಲ್ ತಲಾ 5 ವ್ಯಾಟ್, ಸ್ಟ್ರೀಮರ್ ಮತ್ತು ಡ್ಯಾಕ್ ತಲಾ 10, ಸಿಡಿ ಪ್ಲೇಯರ್ 15, ಪ್ರೀಆಂಪ್ 25, ಸುಮ್ಮನಿರುವ ಪವರ್ ಆಂಪ್ 60; ಎಲ್ಲ ಕೂಡಿದರೂ 130 ವ್ಯಾಟ್. ಜೋರಾಗಿ ಕೇಳುವಾಗಲೂ ಒಟ್ಟು ಬಳಕೆ 300 ವ್ಯಾಟ್ ದಾಟುವುದು ಅಪರೂಪ. 230 ವೋಲ್ಟ್ ಪೂರೈಕೆಯಲ್ಲಿ ಇದು ಸುಮಾರು 1.3 ಆಂಪಿಯರ್, 120 ವೋಲ್ಟ್ ಇರುವಲ್ಲಿ 2.5 ಆಂಪಿಯರ್ ಮಾತ್ರ. ಹಾಡು ಇರಲಿ ಬಿಡಲಿ ಸದಾ ಹೆಚ್ಚು ವಿದ್ಯುತ್ ಎಳೆದು ಹೀಟರ್‌ನಂತೆ ಕಾಯುವ ದೊಡ್ಡ ಕ್ಲಾಸ್ ಎ ಬಗೆಯ ಆಂಪ್‌ಗಳನ್ನು ಬಿಟ್ಟರೆ, ಮನೆಯ ಹೈಫೈ ವ್ಯವಸ್ಥೆಗೆ ಸರಿಯಾಗಿ ಅಳವಡಿಸಿದ ಒಂದೇ ಸಾಕೆಟ್ ಧಾರಾಳವಾಗಿ ಸಾಕು. ಸಾಕಾಗುವುದಷ್ಟೇ ಅಲ್ಲ, ಒಂದೇ ಸಾಕೆಟ್‌ನಿಂದ ಪಡೆಯುವುದೇ ಸರಿ. ಈ ಪೆಟ್ಟಿಗೆಯ ನಿಜವಾದ ಗುಣವೂ ಅಲ್ಲಿಯೇ ಇದೆ.

ಗುಂಯ್‌ಗುಟ್ಟುವ ಸದ್ದಿಗೆ ವಿದ್ಯುತ್ ‘ಕೊಳೆಯಾಗಿರುವುದು’ ಕಾರಣವೆಂದು ಬಹಳ ದಿನ ನಂಬಿದ್ದೆ. ಕಾರಣ ಇದ್ದದ್ದು ಅರ್ಥಿಂಗ್‌ನಲ್ಲಿ. ಮೂರು ಪಿನ್ ಇರುವ ಎರಡು ಉಪಕರಣಗಳನ್ನು ದೂರದೂರದ ಸಾಕೆಟ್‌ಗಳಿಗೆ ಸಿಕ್ಕಿಸಿ, ಅವುಗಳ ನಡುವೆ ಸಂಗೀತ ಸಂಕೇತ ಒಯ್ಯುವ ಮಾಮೂಲಿ ಆರ್‌ಸಿಎ ಕೇಬಲ್ ಹಾಕಿದಾಗ, ಗೋಡೆಯೊಳಗಿನ ಅರ್ಥಿಂಗ್ ತಂತಿಯೂ ಕೇಬಲ್‌ನ ಹೊರಗಿನ ಶೀಲ್ಡ್ ಕೂಡ ಸೇರಿ ಒಂದು ದೊಡ್ಡ ಸುತ್ತು ಏರ್ಪಡುತ್ತದೆ. ಮನೆಯ ಇತರ ಯಂತ್ರಗಳ ಸೋರಿಕೆ ಪ್ರವಾಹ ಆ ತಂತಿಯಲ್ಲಿ ಹರಿಯುತ್ತಿರುವುದರಿಂದ ಎರಡು ಸಾಕೆಟ್‌ಗಳ ಅರ್ಥಿಂಗ್ ನಡುವೆ ಸಣ್ಣ ವೋಲ್ಟೇಜ್ ವ್ಯತ್ಯಾಸ ಹುಟ್ಟುತ್ತದೆ, ಮತ್ತು ಆರ್‌ಸಿಎ ಕೇಬಲ್‌ನಲ್ಲಿ ಶೀಲ್ಡ್ ಸಂಗೀತ ಸಂಕೇತದ ಮರುದಾರಿಯೂ ಆಗಿರುವುದರಿಂದ ಆ ವ್ಯತ್ಯಾಸ ಸಂಗೀತದೊಂದಿಗೆ ನೇರವಾಗಿ ಬೆರೆಯುತ್ತದೆ. ಕೇವಲ 3 ಮಿಲಿವೋಲ್ಟ್ ಬೆರೆತರೂ 30 ಪಟ್ಟು ಹಿಗ್ಗಿಸುವ ಪವರ್ ಆಂಪ್ ಅದನ್ನು 90 ಮಿಲಿವೋಲ್ಟ್ ಮಾಡಿ ಸ್ಪೀಕರ್‌ಗೆ ಕೊಡುತ್ತದೆ. ನಿಶ್ಶಬ್ದ ಕೋಣೆಯಲ್ಲಿ ಕಿವಿಗೆ ಅಷ್ಟು ಸಾಕು. ಸಂಕೇತಕ್ಕೆಂದೇ ಒಳಗೆ ಎರಡು ತಂತಿಗಳಿರುವ ಎಕ್ಸ್‌ಎಲ್‌ಆರ್ ಬ್ಯಾಲೆನ್ಸ್ಡ್ ಕೇಬಲ್ ಬಳಸುವವರಿಗೆ ಈ ಕಾಟ ಕಡಿಮೆಯಾಗಲು ಅಲ್ಲಿ ಸಂಕೇತಕ್ಕೆ ಶೀಲ್ಡ್‌ನ ಹಂಗಿಲ್ಲದಿರುವುದೇ ಕಾರಣ.

ಪೆಟ್ಟಿಗೆ ಬರುವ ಮೊದಲು ಕೇಬಲ್‌ಗಳನ್ನು ಬಿಚ್ಚಿ, ಪ್ರೀಆಂಪ್ ಮತ್ತು ಪವರ್ ಆಂಪ್‌ಗಳ ಲೋಹದ ಕವಚಗಳ ನಡುವೆ ಮಲ್ಟಿಮೀಟರ್ ಹಿಡಿದಾಗ 38 ಮಿಲಿವೋಲ್ಟ್ ತೋರಿಸಿತ್ತು. ಎರಡನ್ನೂ ಪೆಟ್ಟಿಗೆಗೆ ಸಿಕ್ಕಿಸಿ ಅಳೆದಾಗ 1 ಮಿಲಿವೋಲ್ಟ್‌ಗಿಂತ ಕೆಳಗಿಳಿಯಿತು. ಸದ್ದು ನಿಂತಿತು. ಸ್ಪೀಕರ್‌ಗೆ ಕಿವಿ ತಾಗಿಸಿದರೆ ಈಗ ಸಣ್ಣ ಸುಯ್ಯೆನ್ನುವ ಶಬ್ದವಷ್ಟೇ ಇದೆ, ಅದು ಆಂಪ್‌ನದೇ.

ಪ್ಲಗ್ ಕಿತ್ತಿಟ್ಟು ಕೆಳಗಿನ ತಗಡನ್ನು ಬಿಚ್ಚಿ ನೋಡಿದ್ದೇನೆ. ವಾರಂಟಿಯ ಆಸೆ ಇರುವವರು ಹೀಗೆ ಮಾಡಬಾರದು. ಎಂಟು ಸಾಕೆಟ್‌ಗಳ ಅರ್ಥಿಂಗ್‌ಗೂ 2.5 ಚದರ ಮಿಲಿಮೀಟರ್ ದಪ್ಪದ ಪ್ರತ್ಯೇಕ ತಂತಿಗಳಿದ್ದು, ಅವೆಲ್ಲ ಕವಚಕ್ಕೆ ಬಿಗಿದ ಒಂದೇ ಬೋಲ್ಟ್‌ನಲ್ಲಿ ಸೇರುತ್ತವೆ. ಫೇಸ್ ಮತ್ತು ನ್ಯೂಟ್ರಲ್‌ಗಳಿಗೆ ಗಟ್ಟಿ ತಾಮ್ರದ ಪಟ್ಟಿಗಳಿವೆ. ಸಾಕೆಟ್‌ನೊಳಗಿನ ಹಿಡಿಕೆ ಬಿಗಿಯಾಗಿದೆ, ಪ್ಲಗ್ ಕೀಳಲು ಎರಡು ಕೈ ಬೇಕು. ಇದನ್ನು ಯಾರೂ ಜಾಹೀರಾತಿನಲ್ಲಿ ಹೇಳುವುದಿಲ್ಲವಾದರೂ ಇಡೀ ಪೆಟ್ಟಿಗೆಯಲ್ಲಿ ನಾನು ಮೆಚ್ಚಿದ್ದು ಇದನ್ನೇ, ಏಕೆಂದರೆ ಅಗ್ಗದ ಬೋರ್ಡ್‌ಗಳಲ್ಲಿ ತೆಳು ಹಿತ್ತಾಳೆಯ ಹಿಡಿಕೆ ಕೆಲವೇ ತಿಂಗಳಲ್ಲಿ ಸಡಿಲವಾಗಿ, ಅಲ್ಲಿ ಕಿಡಿ ಹಾರಿ, ಪಿನ್ ಕಪ್ಪಾಗಿ, ಪ್ಲಾಸ್ಟಿಕ್ ಕರಗುವುದನ್ನು ನಾನೇ ಕಂಡಿದ್ದೇನೆ. ಈ ಗಟ್ಟಿತನಕ್ಕೂ ಒಂದು ಕಳಂಕವಿದೆ. ನನಗೆ ಮೊದಲು ಬಂದ ಪೆಟ್ಟಿಗೆಯ ಆರನೆಯ ಸಾಕೆಟ್‌ನಲ್ಲಿ ಅರ್ಥಿಂಗ್ ತಂತಿಯ ತಿರುಪು ಬಿಗಿದೇ ಇರಲಿಲ್ಲ. ಬದಲಿ ಪೆಟ್ಟಿಗೆ ಬರಲು ಐದು ವಾರ ಹಿಡಿಯಿತು, ಬಂದಾಗ ಒಂದು ಕ್ಷಮೆಯ ಸಾಲೂ ಜೊತೆಗಿರಲಿಲ್ಲ. ಸುರಕ್ಷತೆಯನ್ನೇ ಮುಖ್ಯವಾಗಿ ಮಾರುವ ವಸ್ತುವಿನಲ್ಲಿ ಇದು ಕ್ಷಮಿಸುವ ತಪ್ಪಲ್ಲ. ಯಾವ ಪೆಟ್ಟಿಗೆಯನ್ನೇ ಕೊಂಡರೂ, ಗೋಡೆಗೆ ಸಿಕ್ಕಿಸುವ ಮೊದಲು ಪ್ಲಗ್‌ನ ಅರ್ಥ್ ಪಿನ್‌ನಿಂದ ಪ್ರತಿ ಸಾಕೆಟ್‌ನ ಅರ್ಥ್ ರಂಧ್ರದವರೆಗೆ ಮಲ್ಟಿಮೀಟರ್‌ನಿಂದ ಸಂಪರ್ಕ ಪರೀಕ್ಷಿಸಿಕೊಳ್ಳುವುದು ಒಳಿತು.

ಅರ್ಥಿಂಗ್ ವಿಷಯ ಬಂದುದರಿಂದ ಇನ್ನೊಂದು ಮಾತು. ಇದೇ ಸದ್ದನ್ನು ನಿಲ್ಲಿಸಲು ಅರ್ಥ್ ಪಿನ್ ಕತ್ತರಿಸಿಬಿಡು ಎಂಬ ಸಲಹೆ ನನಗೆ ಒಬ್ಬರಿಂದಲ್ಲ, ಮೂವರಿಂದ ಬಂದಿತ್ತು. ಸದ್ದು ನಿಲ್ಲುವುದೇನೋ ನಿಜ. ಆದರೆ ಒಳಗೆ ಎಂದಾದರೂ ಫೇಸ್ ತಂತಿ ಕಳಚಿ ಲೋಹದ ಕವಚಕ್ಕೆ ತಾಗಿದರೆ ಫ್ಯೂಸ್ ಹಾರುವ ಬದಲು ಮುಟ್ಟಿದವರ ಜೀವ ಹಾರುತ್ತದೆ. ಹುಟ್ಟಾ ಎರಡೇ ಪಿನ್ ಇರುವ, ಚೌಕದೊಳಗೆ ಚೌಕದ ಗುರುತು ಹೊತ್ತ ಉಪಕರಣಗಳ ಮಾತು ಬೇರೆ. ಅವುಗಳಿಗೆ ಎರಡು ಪದರದ ನಿರೋಧಕ ಕವಚವಿರುತ್ತದೆ. ನನ್ನ ಸ್ಟ್ರೀಮರ್ ಅಂಥದ್ದೇ. ಕೇಬಲ್ ಹಾಕದಿದ್ದಾಗ ಅದರ ಲೋಹವನ್ನು ಸವರಿದರೆ ಬೆರಳು ಸಣ್ಣಗೆ ಜುಮ್ಮೆನ್ನುತ್ತದೆ, ಈ ಪೆಟ್ಟಿಗೆಗೆ ಹಾಕಿದ ಮೇಲೂ ಹಾಗೆಯೇ ಇದೆ. ಅದಕ್ಕೆ ಅರ್ಥ್ ಪಿನ್ನೇ ಇಲ್ಲದಿರುವುದರಿಂದ ಪೆಟ್ಟಿಗೆಯನ್ನು ದೂರುವಂತಿಲ್ಲ.

ಇನ್ನು ಫಿಲ್ಟರ್. ಎಂಟರಲ್ಲಿ ನಾಲ್ಕು ಸಾಕೆಟ್‌ಗಳಿಗೆ ಫಿಲ್ಟರ್ ಇದೆ, ನಾಲ್ಕು ನೇರ. ಕೈಪಿಡಿ ಹೇಳುವಂತೆ ಫಿಲ್ಟರ್‌ನಿಂದ ಹಾದುಬಂದ ‘ಶುದ್ಧ ವಿದ್ಯುತ್’, ಸ್ಪೀಕರ್‌ಗಳ ನಡುವೆ ವಾದ್ಯಗಳು ಹರಡಿಕೊಂಡಂತೆ ಕೇಳಿಸುವ ‘ವೇದಿಕೆ’ಯನ್ನು ಅಗಲಗೊಳಿಸಿ, ಗಾಯಕರ ದನಿಯ ಮೇಲಿನ ತೆರೆಯನ್ನು ಸರಿಸುತ್ತದೆ. ಒಳಗಿರುವುದು ಒಂದು ಚೋಕ್ ಸುರುಳಿ, ಫೇಸ್ ಮತ್ತು ನ್ಯೂಟ್ರಲ್ ನಡುವೆ ಒಂದು ಕೆಪಾಸಿಟರ್, ಅವೆರಡರಿಂದಲೂ ಅರ್ಥಿಂಗ್‌ಗೆ ಒಂದೊಂದು ಸಣ್ಣ ಕೆಪಾಸಿಟರ್. ಈ ಬಗೆಯ ಫಿಲ್ಟರ್ ಕೆಲಸ ಮಾಡುವುದು ಕಿವಿಗೆ ಕೇಳಿಸದ ಎತ್ತರದ ಕಂಪನಾಂಕಗಳಲ್ಲಿ. 50 ಹರ್ಟ್ಜ್‌ನ ಗುಂಯ್‌ಗಾಗಲಿ, ಅದರ ಕೆಳಗಿನ ಗುಣಕಗಳಿಗಾಗಲಿ ಅದು ಏನನ್ನೂ ಮಾಡದು. ನನ್ನ ತಮ್ಮನನ್ನು ಪೆಟ್ಟಿಗೆಯ ಹಿಂದೆ ಕೂರಿಸಿ, ಯಾವ ಸಾಕೆಟ್ ಎಂದು ಹೇಳದೆ ಡ್ಯಾಕ್‌ನ ಪ್ಲಗ್ಗನ್ನು ಬದಲಿಸುತ್ತ ಹೋಗಲು ಹೇಳಿದೆ. ಹನ್ನೆರಡು ಸಲ ಊಹಿಸಿ ಏಳು ಸರಿ, ಐದು ತಪ್ಪು ಹೇಳಿದೆ. ನಾಣ್ಯ ಚಿಮ್ಮಿದರೂ ಹೆಚ್ಚುಕಡಿಮೆ ಅಷ್ಟೇ ಸಿಗುತ್ತಿತ್ತು.

ಹಾಗೆಂದು ಫಿಲ್ಟರ್ ನಿಷ್ಪ್ರಯೋಜಕವೇ? ಅಲ್ಲ, ಕೈಪಿಡಿ ಹೇಳಿದ್ದಕ್ಕೆ ತಿರುಗುಮುರುಗಾಗಿ ಬಳಸಿದರೆ ಉಪಯೋಗವಿದೆ. ಎತ್ತರದ ಕಂಪನಾಂಕದ ಗಲೀಜನ್ನು ವಿದ್ಯುತ್ ಮಾರ್ಗಕ್ಕೆ ಕಾರುವವು ಸ್ಟ್ರೀಮರ್ ಮತ್ತು ರೂಟರ್‌ಗಳ ಅಗ್ಗದ ಸ್ವಿಚಿಂಗ್ ಅಡಾಪ್ಟರ್‌ಗಳು. ಮೀಡಿಯಂ ವೇವ್ ರೇಡಿಯೊವನ್ನು ಪೆಟ್ಟಿಗೆಯ ಬಳಿ ಹಿಡಿದು, ಅಡಾಪ್ಟರನ್ನು ನೇರ ಸಾಕೆಟ್‌ನಿಂದ ಫಿಲ್ಟರ್ ಸಾಕೆಟ್‌ಗೆ ಬದಲಿಸಿದಾಗ ರೇಡಿಯೊದ ಕರಕರ ಗಮನಾರ್ಹವಾಗಿ ಕುಗ್ಗಿತು. ಆದ್ದರಿಂದ ಗಲೀಜು ಮಾಡುವವುಗಳನ್ನು ಫಿಲ್ಟರ್‌ನ ಆಚೆಗೆ ಕಟ್ಟಿಹಾಕಿ, ಆಂಪ್ ಮೊದಲಾದವುಗಳನ್ನು ನೇರ ಸಾಕೆಟ್‌ಗಳಿಗೆ ಹಾಕಿದ್ದೇನೆ. ಪವರ್ ಆಂಪ್‌ಗೆ ಫಿಲ್ಟರ್ ಬೇಡವೆನ್ನಲು ಇನ್ನೊಂದು ಕಾರಣವೂ ಇದೆ: ಅದರ ಒಳಗಿನ ದೊಡ್ಡ ಕೆಪಾಸಿಟರ್‌ಗಳು ವಿದ್ಯುತ್ ಅಲೆಯ ತುದಿಯಲ್ಲಿ ಮಾತ್ರ, ಸೆಕೆಂಡಿಗೆ 100 ಬಾರಿ, ಗುಟುಕು ಗುಟುಕಾಗಿ ಪ್ರವಾಹ ಎಳೆದುಕೊಳ್ಳುತ್ತವೆ. ಆ ಗುಟುಕುಗಳಿಗೆ ಸಣ್ಣ ಚೋಕ್ ಅಡ್ಡ ನಿಲ್ಲದಿರುವುದೇ ವಾಸಿ.

ಮಿಂಚಿನಿಂದ ರಕ್ಷಣೆಗೆಂದು ಮೂರು ವ್ಯಾರಿಸ್ಟರ್‌ಗಳನ್ನು ಕೊಟ್ಟಿದ್ದಾರೆ. ವೋಲ್ಟೇಜ್ ಉಕ್ಕಿದಾಗ ಅವು ಹೊಡೆತವನ್ನು ತಾವು ನುಂಗುತ್ತವೆ, ಪ್ರತಿ ಹೊಡೆತಕ್ಕೂ ಸ್ವಲ್ಪ ಸವೆಯುತ್ತವೆ. ಮುಂಭಾಗದ ಹಸಿರು ದೀಪ ಆರಿದರೆ ಅವು ಮುಗಿದವು ಎಂದರ್ಥ. ಗುಡುಗು ಶುರುವಾದರೆ ನಾನು ದೀಪವನ್ನು ನಂಬದೆ ಪ್ಲಗ್ ಕಿತ್ತಿಡುತ್ತೇನೆ, ಸ್ಟ್ರೀಮರ್‌ಗೆ ಬರುವ ನೆಟ್‌ವರ್ಕ್ ಕೇಬಲ್ಲನ್ನೂ ಕೀಳುತ್ತೇನೆ. ಆ ದಾರಿಯಾಗಿ ಬರುವ ಹೊಡೆತಕ್ಕೆ ಈ ಪೆಟ್ಟಿಗೆಯಲ್ಲಿ ತಡೆಯೇ ಇಲ್ಲ.

ಜೊತೆಗೆ ಬರುವ ಒಂದೂವರೆ ಮೀಟರ್ ಕೇಬಲ್ ಸಾಧಾರಣದ್ದು, 1.5 ಚದರ ಮಿಲಿಮೀಟರ್ ತಾಮ್ರ. ಹೋಗಿಬರುವ ಎರಡೂ ತಂತಿಗಳ ರೋಧ ಸೇರಿ ಸುಮಾರು 35 ಮಿಲಿಓಮ್ ಆಗುತ್ತದೆ, ನನ್ನ 1.3 ಆಂಪಿಯರ್ ಬಳಕೆಯಲ್ಲಿ ಅದರಿಂದ ಕಳೆದುಹೋಗುವುದು 0.05 ವೋಲ್ಟ್‌ಗಿಂತ ಕಡಿಮೆ. ಇದೇ ತಯಾರಕರು ಪೆಟ್ಟಿಗೆಗಿಂತಲೂ ದುಬಾರಿಯಾದ ಹೆಬ್ಬೆರಳು ಗಾತ್ರದ ಕೇಬಲ್ಲನ್ನು ಬೇರೆಯಾಗಿ ಮಾರುತ್ತಾರೆ. ಗೋಡೆಯೊಳಗೆ ಹತ್ತಾರು ಮೀಟರ್ ಮಾಮೂಲಿ ತಂತಿಯಲ್ಲಿ ನಡೆದುಬಂದ ವಿದ್ಯುತ್ತಿಗೆ ಕೊನೆಯ ಒಂದೂವರೆ ಮೀಟರ್‌ನಲ್ಲಿ ಪಲ್ಲಕ್ಕಿ ಏಕೆ ಬೇಕೋ ನನಗೆ ತಿಳಿಯಲಿಲ್ಲ.

ವಿನ್ಯಾಸದಲ್ಲಿ ನನಗೆ ಒಪ್ಪಿಗೆಯಾಗದಿರುವುದು ಹಿಂಬದಿಯ ಒಂದೇ ಒಂದು ಸ್ವಿಚ್. ಹೈಫೈ ವ್ಯವಸ್ಥೆಯಲ್ಲಿ ಪವರ್ ಆಂಪನ್ನು ಎಲ್ಲಕ್ಕಿಂತ ಕೊನೆಗೆ ಹಾಕಬೇಕು, ಎಲ್ಲಕ್ಕಿಂತ ಮೊದಲು ಆರಿಸಬೇಕು. ಇಲ್ಲದಿದ್ದರೆ ಪ್ರೀಆಂಪ್ ಏಳುವಾಗಿನ ಝಟಕೆಯನ್ನು ಆಂಪ್ ಹಿಗ್ಗಿಸಿ ಸ್ಪೀಕರ್‌ಗೆ ಗುದ್ದುತ್ತದೆ. ಒಂದೇ ಸ್ವಿಚ್ಚಿನಲ್ಲಿ ಎಲ್ಲವೂ ಒಟ್ಟಿಗೆ ಎದ್ದು ಒಟ್ಟಿಗೆ ಮಲಗುತ್ತವೆ. ಮೇಲಾಗಿ ದೊಡ್ಡ ಟೊರಾಯ್ಡಲ್ (ಬಳೆಯಾಕಾರದ) ಟ್ರಾನ್ಸ್‌ಫಾರ್ಮರ್ ಇರುವ ಆಂಪ್ ಚಾಲೂ ಆಗುವ ಕ್ಷಣದಲ್ಲಿ ಹತ್ತಾರು ಆಂಪಿಯರ್ ಎಳೆಯಬಲ್ಲದು, ಎಂಸಿಬಿ (ಪ್ರವಾಹ ಮಿತಿಮೀರಿದರೆ ತಾನೇ ಕಡಿದುಕೊಳ್ಳುವ ಮನೆಯ ಸ್ವಿಚ್) ಜಿಗಿಯಲು ಅಷ್ಟು ಸಾಕು. ನನ್ನಲ್ಲಿ ಎರಡು ಸಲ ಹಾಗಾದ ಮೇಲೆ ಆ ಸ್ವಿಚ್ಚನ್ನು ಸದಾ ಹಾಕಿಯೇ ಇಟ್ಟು, ಪ್ರತಿ ಉಪಕರಣವನ್ನು ಅದರದೇ ಗುಂಡಿಯಿಂದ ಸರದಿಯಂತೆ ಚಾಲೂ ಮಾಡುತ್ತಿದ್ದೇನೆ. ಸಾಕೆಟ್‌ಗಳು ಕೆಲವು ಸೆಕೆಂಡುಗಳ ಅಂತರದಲ್ಲಿ ಒಂದೊಂದಾಗಿ ಜೀವ ತಳೆಯುವ ಏರ್ಪಾಡು ಇದ್ದಿದ್ದರೆ, ಫಿಲ್ಟರ್‌ಗೆ ಕೊಟ್ಟ ಹಣವನ್ನು ಸಂತೋಷದಿಂದ ಅದಕ್ಕೇ ಕೊಡುತ್ತಿದ್ದೆ.

ಉಪಕರಣಗಳು ಎರಡೋ ಮೂರೋ ಇದ್ದು, ಅಕ್ಕಪಕ್ಕದ ಸಾಕೆಟ್‌ಗಳಿಂದಲೇ ನಡೆಯುತ್ತಿದ್ದು, ಸ್ಪೀಕರ್ ಮೌನವಾಗಿದ್ದರೆ ಇದನ್ನು ಕೊಳ್ಳುವ ಅಗತ್ಯವಿಲ್ಲ. ನನ್ನಂತೆ ಎರಡು ಗೋಡೆಗಳ ನಡುವೆ ಹಂಚಿಹೋದವರು ಮೊದಲು ಒಂದು ಒಳ್ಳೆಯ, ಭಾರವಾದ, ಫಿಲ್ಟರ್ ಇಲ್ಲದ ಬೋರ್ಡನ್ನು ಎರವಲು ತಂದು ಎಲ್ಲವನ್ನೂ ಅದಕ್ಕೇ ಸಿಕ್ಕಿಸಿ ನೋಡಲಿ. ನಾನು ಹಾಗೆ ಮಾಡಿದ್ದು ಪೆಟ್ಟಿಗೆ ಕೊಂಡು ನಾಲ್ಕು ತಿಂಗಳಾದ ಮೇಲೆ. ಅಂದೂ ಸದ್ದು ಇರಲಿಲ್ಲ.